ಅತ್ತೆಯವರ ಮೂರನೆಯ ಸ್ನಾನ

ಸಂಸಾರದಲ್ಲಿ ತೊಂದರೆಗಳು ಎರಡೇ ಬಗೆ ಎಂದು ನಾನು ಬಹಳ ವರ್ಷ ನಂಬಿದ್ದೆ. ಬಟ್ಟೆಯ ಚಿಂದಿ ಸುತ್ತಿದರೆ ಸೋರುವುದು ನಿಲ್ಲುವ ನಲ್ಲಿಯಂಥವು ಒಂದು. ತಿಳಿದವರನ್ನು ಕರೆದು ತೋರಿಸಬೇಕಾದ ಹೊಲಿಗೆ ಮಷೀನಿನಂಥವು ಇನ್ನೊಂದು. ಮಹಾರಾಷ್ಟ್ರದ ಗಡಿಯೂರು ಉಮರ್ಗಾದ ನಮ್ಮ ಓಣಿಯಲ್ಲಿ ಎರಡಕ್ಕೂ ಮೊದಲು ನನ್ನನ್ನೇ ಕೇಳುತ್ತಿದ್ದರು. ಹಾಗಾಗಿ, ಬರದ ಆ ಬೇಸಿಗೆಯಲ್ಲಿ ನಮ್ಮ ಅತ್ತೆಯವರಿಗೆ ಮರೆವು ಶುರುವಾದಾಗ ನಾನು ಗಾಬರಿಯಾಗಲಿಲ್ಲ. ಒಂದು ವಾರದ ಕೆಲಸ ಎಂದುಕೊಂಡೆ.

ತಾವು ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಅತ್ತೆ ಸ್ನಾನ, ಲಿಂಗಪೂಜೆ ಮುಗಿಸದೆ ಒಂದು ತುತ್ತೂ ಬಾಯಿಗಿಟ್ಟವರಲ್ಲ. ಜ್ವರ ಬಂದಾಗಲೂ ಇಲ್ಲ. ಈಗ ಪೂಜೆ ಮುಗಿಸಿ, ಊಟವನ್ನೂ ಮಾಡಿ, ಮಧ್ಯಾಹ್ನ ಮತ್ತೆ ಬಚ್ಚಲ ಬಾಗಿಲಲ್ಲಿ ನಿಲ್ಲುತ್ತಿದ್ದರು. "ನೀರ ಇಡವಾ, ಪೂಜಾ ಆಗಿಲ್ಲ." ಸಂಜೆ ಇನ್ನೊಮ್ಮೆ. ಟ್ಯಾಂಕರ್ ಬರುವುದು ವಾರಕ್ಕೊಮ್ಮೆ. ಅತ್ತೆಯ ಸ್ನಾನ ದಿನಕ್ಕೆ ಮೂರು.

ಮೊದಲ ಉಪಾಯ: ಪೂಜೆಯಾದ ಕೂಡಲೇ ಗೋಡೆಯ ಮೇಲೆ ಇದ್ದಿಲಿನ ಗೀಟು. ಗೋಡೆ ಹೊಲಸಾಯಿತೆಂದು ಅತ್ತೆ ಒಂದು ಕೊಡ ನೀರು ಸುರಿದು ತೊಳೆದರು. ಎರಡನೆಯದು: ಕನ್ನಡಿ ಹಿಡಿದು ಹಣೆಯ ವಿಭೂತಿ ತೋರಿಸಿದೆ. "ಇದು ನಿನ್ನಿ ಹಚ್ಚಿದ್ದವಾ," ಎಂದರು. ಮೂರನೆಯದು: ಬಚ್ಚಲಿಗೆ ಕೀಲಿ. ಅತ್ತೆ ಸೀದಾ ಪಕ್ಕದ ಮನೆಗೆ ಹೋಗಿ ಒಂದು ಬಕೆಟ್ ನೀರು ಕೇಳಿದರು. ಸಂಜೆ ಆ ಮನೆಯ ಕಮಲಾಬಾಯಿ ಓಣಿಗೆಲ್ಲ ಕೇಳುವಂತೆ, "ವಹಿನಿ, ಸಾಸೂಲಾ ಪಾಣೀ ದೇತ್ ನಾಹೀ ಕಾ?" ಎಂದು ವಿಚಾರಿಸಿದಳು. ಅತ್ತೆಗೆ ನೀರು ಕೊಡದ ಸೊಸೆ ಎಂಬ ಬಿರುದು ನನಗೆ ಮರಾಠಿಯಲ್ಲಿ ಪ್ರದಾನವಾಯಿತು.

ನಮ್ಮವರು ಕಿರಾಣಿ ಅಂಗಡಿ ಮುಚ್ಚಿ ಬಂದು ಎಲ್ಲ ಕೇಳಿದರು. "ನಿನ್ನ ಉಪಾಯಕ್ಕ ಹೋದ ನೀರಾಗ ಅವ್ವಗ ಇನ್ನಾ ಆರ್ ಸಲ ಸ್ನಾನ ಆಗ್ತಿತ್ತು ನೋಡು."

"ಮತ್ತ ನೀವೇ ಹೇಳ್ರಿ ಒಂದು."

"ನಾ ಶಾಣ್ಯಾ ಅಂತ ಯಾವಾಗ ಅಂದೀನಿ?"

ಹಗ್ಗದ ಗಂಟು ಬಿಚ್ಚುವಾಗ ಗಂಟು ತನ್ನ ಜಾಗದಲ್ಲೇ ಇರುತ್ತದೆ. ಇದು ನಾನು ಕೈಯಿಟ್ಟಾಗಲೆಲ್ಲ ಎದ್ದು ಬೇರೆ ಕಡೆ ಹೋಗಿ ಕೂರುತ್ತಿತ್ತು.

ಕೊನೆಗೆ ಬರೀ ಬಾಯಿಂದ, ಬಹಳ ಖಚಿತವಾಗಿ ಹೇಳಿ ನೋಡಿದೆ: "ಆಗ್ಯಾದ್ರಿ ಅವ್ವಾ, ಪೂಜಾ ಆಗ್ಯಾದ."

ಅತ್ತೆ ನನ್ನ ಮುಖ ನೋಡಿದರು. "ಹೌದಾ? ನೀ ಅಂದ್ರ ಖರೇನೇ ಇರ್ತದ." ಹೋಗಿ ಕೂತರು.

ಇಷ್ಟು ಸಸ್ತಾ ಔಷಧ! ದಿನಕ್ಕೆ ಎರಡು ಸ್ನಾನದ ನೀರು ಉಳಿಯಿತು. ಕಮಲಾಬಾಯಿಯನ್ನೂ ಕರೆದು ಹೇಳಿಕೊಂಡೆ.

ಹದಿನೈದು ದಿನ ಕಳೆದಿರಬೇಕು. ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಬೆನ್ನ ಹಿಂದೆ ಅತ್ತೆ ಕೇಳಿದರು, "ಪೂಜಾ ಆಗ್ಯಾದೇನವಾ?"

"ಆಗ್ಯಾದ್ರಿ ಅವ್ವಾ," ಎಂದೆ. ಕಣ್ಣು ಹೆಂಚಿನ ಮೇಲಿಟ್ಟೇ ತಟ್ಟೆ ಸರಿಸಿದೆ. ಅತ್ತೆ ಒಂದೂವರೆ ರೊಟ್ಟಿ, ಪುಂಡಿಪಲ್ಯ ತೃಪ್ತಿಯಿಂದ ಉಂಡರು. ತಟ್ಟೆ ಎತ್ತಲು ಬಾಗಿದಾಗ ಅವರ ಹಣೆ ನೋಡಿದೆ. ಬೋಳು. ಬಚ್ಚಲು ನೋಡಿದೆ. ಒಣಗಿತ್ತು. ಅವತ್ತು ಸ್ನಾನವೇ ಆಗಿರಲಿಲ್ಲ.

ಅರವತ್ತು ವರ್ಷ ಅವರು ತಪ್ಪದೆ ಕಾಯ್ದುಕೊಂಡು ಬಂದದ್ದನ್ನು ನಾನು ಒಂದು ಮಾತಿನಲ್ಲಿ ಮುರಿದಿದ್ದೆ.

"ಹೇಳಬ್ಯಾಡ," ಎಂದರು ಊಟಕ್ಕೆ ಬಂದ ನಮ್ಮವರು. "ಅವ್ವ ಹ್ಯಾಂಗೂ ಮರೀತಾಳ."

"ನಾ ಮರಿಯಾಂಗಿಲ್ಲಲ್ರಿ."

ಅತ್ತೆಯ ಕಾಲು ಹಿಡಿದುಕೊಂಡು ಹೇಳಿಬಿಟ್ಟೆ. ನನ್ನ ಎದೆ ಹಗುರಾಗಲೆಂದು ಹೇಳಿದೆ ಎಂಬುದು ಈಗ ಗೊತ್ತಾಗುತ್ತದೆ. ಅತ್ತೆ ಬಯ್ಯಲಿಲ್ಲ. ಕೊರಳಲ್ಲಿನ ಲಿಂಗದ ಕರಡಿಗೆಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಸದ್ದಿಲ್ಲದೆ ಅಳತೊಡಗಿದರು. ಸ್ವಲ್ಪ ಹೊತ್ತಿಗೆ ವಿಷಯ ಮರೆತುಹೋಯಿತು. ಅಳು ಮಾತ್ರ ನಿಲ್ಲಲಿಲ್ಲ.

"ನಾ ಯಾಕ ಅಳ್ಲತ್ತೀನವಾ?" ಎಂದು ನನ್ನನ್ನೇ ಕೇಳಿದರು.

ಆ ಪ್ರಶ್ನೆಗೂ ನನ್ನ ಬಳಿ ಉತ್ತರ ಸಿದ್ಧವಿತ್ತು ನೋಡಿ. "ಉಳ್ಳಾಗಡ್ಡಿ ಹೆಚ್ಚಲತ್ತೀವ್ರಿ ಅವ್ವಾ," ಎಂದೆ.

ಅತ್ತೆ ಕಣ್ಣೊರೆಸಿಕೊಂಡು ಸುತ್ತ ನೋಡಿದರು. "ಎಲ್ಲದಾವ?"

ಒಳಗೆ ಓಡಿ ನಾಲ್ಕು ಉಳ್ಳಾಗಡ್ಡಿ, ಈಳಿಗೆ ತಂದೆ. ಎದುರು ಕೂತು, ಯಾವ ಪಲ್ಯಕ್ಕೂ ಬೇಕಿಲ್ಲದ ಉಳ್ಳಾಗಡ್ಡಿ ಹೆಚ್ಚತೊಡಗಿದೆ. ಕಣ್ಣು ಮಂಜಾಗಿ ಏನೂ ಕಾಣುತ್ತಿರಲಿಲ್ಲ. ಅತ್ತೆ ಅಳು ನಿಲ್ಲಿಸಿ ಕೆಲಹೊತ್ತು ನನ್ನ ಕೈಯನ್ನೇ ನೋಡಿದರು.

"ಇಷ್ಟ ದಪ್ಪ ಹೆಚ್ಚತಾರೇನ?" ಎಂದರು. "ತಾ ಇಲ್ಲಿ. ಇಷ್ಟ ವರ್ಷಾದ್ರೂ ಒಂದ್ ಕೆಲಸ ನೆಟ್ಟಗ ಬರಾಂಗಿಲ್ಲ ನಿನಗ."