ಚೀಲದ ತೂಕ ಕಳೆದು

ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ಎಂ.ಎ. ಓದುವಾಗ ನಾನು ಜೋಳದ ದಂಟಿನ ಹಾಗಿದ್ದೆ ಎಂದು ಅದು ಹೇಳುತ್ತದೆ. ಆ ವರ್ಷದ ಡೈರಿ ತೆಗೆದರೆ, 'ಬಸ್ ಹತ್ತುವಾಗ ಪ್ಯಾಂಟು ಹರಿಯಿತು' ಎಂದಿದೆ. ಹಾಗಾಗಿ ಇದನ್ನು ಡೈರಿ ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಸಿಂಗಟಗೆರೆಯ ಒಂದು ಗೃಹಪ್ರವೇಶದಲ್ಲಿ ಊಟ ಮುಗಿದ ಮೇಲೂ ನಾನು ಎಲೆಯ ಮುಂದೆ ಕೂತೇ ಇದ್ದೆ. ಏಳಲಾಗಲಿಲ್ಲ. ಇಬ್ಬರು ಕಂಕುಳಿಗೆ ಕೈ ಹಾಕಿದರು. ಸಾಲದೆ, ಬಡಿಸುತ್ತಿದ್ದವನೂ ಸಾರಿನ ಬಕೆಟ್ ಕೆಳಗಿಟ್ಟು ಬಂದ. "ಮುಂದಿನ ಸಲ ನಿಮಗೆ ಟೇಬಲ್ಲೇ ಕಣ್ರೀ, ನಮ್ಮಜ್ಜಿ ಪಕ್ಕ," ಎಂದಳು ಹೆಂಡತಿ ಗಿರಿಜಾ. ಅವಳ ಅಜ್ಜಿಗೆ ತೊಂಬತ್ತು, ನನಗೆ ಐವತ್ತೆರಡು. ಯಾರ ಕೈಯನ್ನೂ ಹಿಡಿಯದೆ ನೆಲದಿಂದ ಎದ್ದೇ ತೀರಬೇಕೆಂದು ಅವತ್ತೇ ಶಪಥ ಮಾಡಿದೆ.

ತರೀಕೆರೆಯ ಡಾಕ್ಟರು ತೂಕ ನೋಡಿದರು. ಎಂಬತ್ತಾರು. "ತಿಂಗಳಿಗೆ ಒಂದು ಕೆಜಿ ಇಳಿದ್ರೆ ಸಾಕು ಮೇಷ್ಟ್ರೇ. ಇಪ್ಪತ್ತು ವರ್ಷ ಕೂತು ಬೆಳೆಸಿದ್ದೀರಿ, ಇಪ್ಪತ್ತು ದಿನದಲ್ಲಿ ಹೋಗು ಅಂದ್ರೆ ಹೋಗುತ್ತಾ?" ಎಂದರು. ಈ ಡಾಕ್ಟರಿಗೆ ನನ್ನ ಛಲ ಗೊತ್ತಿಲ್ಲ ಅಂದುಕೊಂಡೆ.

ಅಜ್ಜಂಪುರದಲ್ಲಿ ನನ್ನ ಭಾಮೈದ ರುದ್ರೇಶನ ಈರುಳ್ಳಿ ಮಂಡಿಯಿದೆ. ಮುದ್ದೆ ಒಂದಕ್ಕಿಳಿಸಿ, ವಾರ ಕಳೆದು, ಅವನ ಚೀಲ ತೂಗುವ ಯಂತ್ರದ ಮೇಲೆ ನಿಂತೆ. ಅಂಕಿ ಕಾಣುವುದು ಅವನ ಕಡೆಗೆ. "ಎಂಬತ್ಮೂರು!" ಎಂದು ಕೂಗಿದ. ವಾರಕ್ಕೆ ಮೂರು ಕೆಜಿ! ಡೈರಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ. ಲೆಕ್ಕ ಹಾಕಿದರೆ, ಇದೇ ವೇಗದಲ್ಲಿ ವರ್ಷ ತುಂಬುವ ಮೊದಲೇ ನಾನು ಪೂರ್ತಿ ಮುಗಿದುಹೋಗುತ್ತಿದ್ದೆ. ಆ ಸಂತೋಷಕ್ಕೆ ಎರಡು ಹೋಳಿಗೆ ತಿಂದೆ, ತುಪ್ಪದ ಜೊತೆ.

ಆಮೇಲೆ ತೂಕ ಮುಷ್ಕರ ಹೂಡಿತು. ಮುಂದಿನ ವಾರವೂ ಎಂಬತ್ಮೂರು. ತಿಂಗಳು ಕಳೆದರೆ ಎಂಬತ್ತೆರಡು. ಮೂರು ತಿಂಗಳು ತೋಟದ ದಾರಿ ನಡೆದು, ಮನೆಯವರ ಮೇಲೆಲ್ಲ ರೇಗಿ, ಎಂಬತ್ತಕ್ಕೆ ಬಂದೆ. ಡಾಕ್ಟರ ಹತ್ತಿರ ಹೋದರೆ ಅವರ ಯಂತ್ರ ಎಂಬತ್ಮೂರು ಎಂದಿತು. ಅಲ್ಲಿಂದಲೇ ರುದ್ರೇಶನಿಗೆ ಫೋನ್ ಮಾಡಿದೆ.

"ಲೇ, ನಿನ್ ಯಂತ್ರ ಕೆಟ್ಟಿದೆ ಕಣೋ."

"ಎಲ್ಲಿ ಕೆಟ್ಟಿದೆ ಭಾವ? ಚೀಲ, ಮಣ್ಣು, ತೇವ ಅಂತ ಮೂರು ಕೆಜಿ ಕಳ್ದೇ ಅಲ್ವಾ ನಾವು ಕೂಗೋದು? ಬಾಯಿಗೆ ಅಭ್ಯಾಸ ಆಗ್ಬಿಟ್ಟಿದೆ."

"ನಾನೇನು ಈರುಳ್ಳಿನೇನೋ?"

"ಪಂಚೆ, ಚಪ್ಲಿ ಎಲ್ಲ ಇರುತ್ತಲ್ಲ ಭಾವ..."

ಫೋನಿಟ್ಟು, ಮೊದಲ ವಾರದ ಹಿಗ್ಗನ್ನೂ ಚೀಲದ ಲೆಕ್ಕವನ್ನೂ ಹೇಳಿದೆ. ಡಾಕ್ಟರು ನಕ್ಕರು. "ಮೂರು ತಿಂಗಳು, ಮೂರು ಕೆಜಿ. ನಿಮಗೆ ಬೇಜಾರು ತಂದಿದ್ದೇ ನಿಜವಾಗಿ ಇಳಿದಿದ್ದು ಮೇಷ್ಟ್ರೇ. ಹಿಗ್ಗಿದ್ರಲ್ಲ, ಅದು ಚೀಲದ್ದು."

ಮೊನ್ನೆ ಕಡೂರಿನಲ್ಲಿ ಒಂದು ನಾಮಕರಣ. ಎರಡು ಪಂಕ್ತಿ ಎದ್ದರೂ ನಾನು ಕೂರಲಿಲ್ಲ. ಮೂರನೆಯದರಲ್ಲಿ ಕೂತು, ಉಂಡು, ಯಾರ ಕೈಯನ್ನೂ ಹಿಡಿಯದೆ ಎದ್ದೆ. ಗಿರಿಜಾಳ ಕಣ್ಣು ಅರಳಿತು. "ಎದ್ದಿದ್ದಿರಲಿ, ಎರಡು ಪಂಕ್ತಿ ಬಿಟ್ಟು ಕೂತ್ರಲ್ಲ, ಎಂಥಾ ಸಂಯಮ!" ಎಂದು ನೆಂಟರಿಗೆಲ್ಲ ಹೇಳಿಕೊಂಡು ಬಂದಳು. ನಾನು ತಲೆತಗ್ಗಿಸಿ ವಿನಯದಿಂದ ಕೇಳಿಸಿಕೊಂಡೆ. ನಿಮಗೆ ಮಾತ್ರ ಹೇಳುತ್ತೇನೆ: ನಾನು ಅಷ್ಟು ಹೊತ್ತು ಕಾದದ್ದು ಕಂಬದ ಪಕ್ಕದ ಎಲೆಗೆ.