ಹಿತ್ತಲ ಮನೆಯ ಯಜಮಾನ

ಮನೆತನದಲ್ಲಿ ಮೊದಲು ಪದವಿ ಪಡೆದವನಿಗೆ ಪದವಿಯ ಜೊತೆಗೆ ಒಂದು ಧರ್ಮಛತ್ರವೂ ಗಂಟು ಬೀಳುತ್ತದೆ ಎಂಬುದನ್ನು ಯಾವ ವಿಶ್ವವಿದ್ಯಾಲಯವೂ ಮೊದಲೇ ತಿಳಿಸುವುದಿಲ್ಲ. ನಮ್ಮ ಮನೆತನದಲ್ಲಿ ನನಗಿಂತ ಮುಂಚೆ ಎಲ್ಲರದೂ ಹೆಬ್ಬೆಟ್ಟು. ಅಪ್ಪ ಕಮಲಾಪುರದಲ್ಲಿ ಕಂಡವರ ಹೊಲದಲ್ಲಿ ದುಡಿದು ನನ್ನನ್ನು ಓದಿಸಿದ. ನಾನು ಬಿ.ಎ., ಬಿ.ಎಡ್. ಮುಗಿಸಿ, ಮಾಸ್ತರನಾಗಿ, ಕಲಬುರಗಿಯ ಕುಸನೂರಿನ ಕಡೆ ಮನೆ ಕಟ್ಟಿದಾಗ ಬಾಗಿಲ ಪಕ್ಕದ ಪರಸಿ ಕಲ್ಲಿನಲ್ಲಿ ಹೆಸರನ್ನೂ, ಹೆಸರಿನ ಮುಂದೆ ಎರಡೂ ಪದವಿಗಳನ್ನೂ ಕೆತ್ತಿಸಿದೆ. ಅದರಲ್ಲಿ ನಾಚಿಕೆಯೇನೂ ಇಲ್ಲ. ಸುಮ್ಮನೆ ಬಂದ ಅಕ್ಷರಗಳಲ್ಲ ಅವು. ದಾರಿಯಲ್ಲಿ ಹೋಗುವವರು ಓದಲಿ ಎಂದು ಆಸೆಪಟ್ಟೆ. ಓದಿದರು. ಕಮಲಾಪುರದವರೆಲ್ಲ ಓದಿದರು.

ಅಂದಿನಿಂದ ಸೇಡಂ ರಸ್ತೆಯ ದವಾಖಾನೆಗೆ ತೋರಿಸಲು ಬಂದವರು, ಪರೀಕ್ಷೆ ಬರೆಯಲು ಬಂದವರು, ಮದುವೆಯ ಸೀರೆ ಆರಿಸಲು ಬಂದವರು, ಯಾಕೆ ಬಂದೆವೆಂಬುದು ತಮಗೇ ಮರೆತುಹೋದವರು, ಎಲ್ಲರೂ ನಮ್ಮಲ್ಲೇ ಇಳಿಯತೊಡಗಿದರು. ಬರಿಗೈಯಲ್ಲಿ ಯಾರೂ ಬರುವುದಿಲ್ಲ. ಕಮಲಾಪುರದ ಕೆಂಪು ಬಾಳೆ ತಂದೇ ತರುತ್ತಾರೆ. ನನ್ನ ಹೆಂಡತಿ ಸುನಂದಾ ನೀರು ಕೊಡುವ ಮೊದಲು ಹಣ್ಣನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾಳೆ. ಮೆತ್ತಗಿದ್ದರೆ ಬಂದವರು ಸಂಜೆಯ ಬಸ್ಸಿಗೆ ಹೊರಡುತ್ತಾರೆ. ಕಲ್ಲಿನಂತಿದ್ದರೆ, ಅದು ಹಣ್ಣಾಗುವವರೆಗೆ ಇದ್ದು, ತಿಂದು, ಸಿಪ್ಪೆಯನ್ನು ನಮ್ಮ ಪಾಲಿಗೆ ಬಿಟ್ಟು ಹೋಗುತ್ತಾರೆ. ಈ ಶಾಸ್ತ್ರ ಇದುವರೆಗೆ ಒಮ್ಮೆಯೂ ಸುಳ್ಳಾಗಿಲ್ಲ.

ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ನಾನೂ ಹೀಗೆಯೇ ಓದಿದವನು. ಇದೇ ಕಲಬುರಗಿಯ ಗಾಜಿಪುರದಲ್ಲಿ ಭೀಮಣ್ಣ ಮಾಮಾ ಎಂಬ ದೂರದ ನೆಂಟರಿದ್ದರು. ಅವರದು ಒಂದೇ ಖೋಲಿಯ ಮನೆ. ಕಾಲೇಜು ಮುಗಿಯುವವರೆಗೂ ನಾನು ಅಲ್ಲೇ ಇದ್ದೆ. ಮಾಮಾ ಊಟವಾದ ಕೂಡಲೇ ಹೊರಸು ಎತ್ತಿಕೊಂಡು ಅಂಗಳಕ್ಕೆ ನಡೆಯುತ್ತಿದ್ದರು. "ಒಳಗ ಮಲಗ್ರಿ ಮಾಮಾ" ಎಂದರೆ, "ಹೊರಗ ಗಾಳಿ ಛಲೋ ಬರ್ತದಪ್ಪ" ಎನ್ನುತ್ತಿದ್ದರು. ಗಾಳಿಯ ಹುಚ್ಚು ಹಿಡಿದ ಮನುಷ್ಯ ಎಂದುಕೊಂಡು ನಾನು ಅವರ ಜಾಗದಲ್ಲಿ ಕಾಲು ಚಾಚಿ ಪದವೀಧರನಾದೆ.

ಕಡೆಗೆ ಸುನಂದಾಳೇ ಒಂದು ದಿನ ಕೇಳಿದಳು: "ನನ್ನ ಮನ್ಯಾಗ ನಾ ಬಾಗಿಲಾ ಹಾಕ್ಕೊಂಡು ಮಲಗಿ ಎಷ್ಟು ದಿನ ಆತು, ನಿಮಗ ನೆನಪದ ಏನ್ರಿ?" ನನಗೆ ನೆನಪಿರಲಿಲ್ಲ. ನಾನು ಆಗ ಪಡಸಾಲೆಯಲ್ಲಿ ಇಬ್ಬರು ಗೊರಕೆಯವರ ನಡುವೆ ಮಲಗುತ್ತಿದ್ದೆ. ಹಿತ್ತಲಲ್ಲಿ ಒಂದು ಸಣ್ಣ ಮನೆ ಕಟ್ಟಿಸುವುದು, ನೆಂಟರನ್ನು ಅಲ್ಲಿಗೆ ಕಳಿಸುವುದು, ನಮ್ಮ ಮನೆ ನಮಗೆ ಉಳಿಸಿಕೊಳ್ಳುವುದು ಎಂದು ನಿರ್ಧಾರವಾಯಿತು. ಒಂದು ಖೋಲಿ, ಒಂದು ಅಡುಗೆಮನೆ, ಒಂದು ಬಚ್ಚಲು, ಅಷ್ಟೇ. ಕಲಬುರಗಿಯ ಬೇಸಿಗೆಯಲ್ಲಿ ಸಿಮೆಂಟಿನ ಗೋಡೆಗೆ ನೀರು ಹೊಡೆದವರಿಗೇ ಗೊತ್ತು, ಗೋಡೆ ತಣಿಯುವ ಹೊತ್ತಿಗೆ ಮನುಷ್ಯ ಒಣಗಿರುತ್ತಾನೆ. ಬೆಳಿಗ್ಗೆ ಸಾಲೆಗೆ ಹೋಗುವ ಮುಂಚೆ, ಸಂಜೆ ಬಂದ ಮೇಲೆ, ಕೈಯಲ್ಲಿ ಪೈಪು. ಪಕ್ಕದ ಮನೆಯವರು, "ಬಾಡಿಗಿಗೆ ಕೊಡವ್ರೇನ್ರಿ ಸರ?" ಎಂದು ಕೇಳಿದರು. ಇಲ್ಲ, ನೆಂಟರಿಗೆ ಎಂದೆ. ಅವರು ನನ್ನ ಕೈಯ ಪೈಪನ್ನೊಮ್ಮೆ ನೋಡಿ ಒಳಗೆ ಹೋದರು.

ಹೊಸ ಮನೆಯಲ್ಲಿ ಹಾಲುಕ್ಕಿಸುವ ದಿನ ನನ್ನ ಸೋದರತ್ತೆ ನೀಲಮ್ಮ ಕಮಲಾಪುರದಿಂದ ಬಂದರು. ಜೊತೆಗೆ ಮೊಮ್ಮಗಳು ಅಶ್ವಿನಿ. ನಮ್ಮಲ್ಲೇ ಇದ್ದು ಓದಲೆಂದು ಅವಳನ್ನು ಇಲ್ಲಿನ ಕಾಲೇಜಿಗೆ ಹಚ್ಚಿದ್ದರು. ಅತ್ತೆಯ ಕಂಕುಳಲ್ಲಿ ಒಂದು ಇಡೀ ಗೊನೆ. ಸುನಂದಾ ಒತ್ತಿ ನೋಡಿ ನನ್ನ ಮುಖ ನೋಡಿದಳು. ಕಲ್ಲು.

ಹಾಲು ಉಕ್ಕಿತು. ನಾನು ವಿನಯದಿಂದ, "ಅತ್ತಿ, ನಿಮ್ಮ ಸಾಮಾನು ಇಲ್ಲೇ ಹೊಸಾ ಮನ್ಯಾಗ ಇಡಸ್ತೀನಿ" ಎಂದೆ.

"ಇಷ್ಟ ಓದಿದರೂ ಅಷ್ಟೇ ಏನೋ ಮಲ್ಲ್ಯಾ" ಎಂದರು ಅತ್ತೆ. "ಹೊಸಾ ಮನ್ಯಾಗ ಮದಲ ಯಜಮಾನ ಮಲಗಬೇಕು. ಗಂಡ ಹೆಂಡ್ತಿ ದೀಪಾ ಹಚ್ಚಿ ಅಮಾಸಿ ತನಕ ಅಲ್ಲೇ ಇರ್ರಿ. ಯಜಮಾನ ಮಲಗದ ಮನಿ ಗೋದಾಮಿನ ಲೆಕ್ಕ."

"ಮತ್ತ ನೀವು?"

"ನಾವೇನು ಹೊರಗಿನವ್ರಾ? ಮುಂದಿನ ಮನ್ಯಾಗ ಹ್ಯಾಂಗರ ಮಾಡ್ಕೋತೀವಿ."

ಮೂಢನಂಬಿಕೆಯ ಮೇಲೆ ನಾನು ತರಗತಿಯಲ್ಲಿ ಪ್ರತಿ ವರ್ಷ ಪಾಠ ಮಾಡುತ್ತೇನೆ, ಚೆನ್ನಾಗಿಯೇ ಮಾಡುತ್ತೇನೆ. ಆದರೆ ಆ ತರಗತಿಯಲ್ಲಿ ನೀಲಮ್ಮತ್ತೆ ಕೂತಿರುವುದಿಲ್ಲ. ಹಾಸಿಗೆ ಎತ್ತಿಕೊಂಡು ಹಿತ್ತಲಿಗೆ ಹೋದೆವು.

ಅಮಾವಾಸ್ಯೆ ಬಂತು, ಹೋಯಿತು. ಅಷ್ಟರಲ್ಲಿ ಮುಂದಿನ ಮನೆಯ ಅಡುಗೆಮನೆಯಲ್ಲಿ ಅತ್ತೆಯ ಡಬ್ಬಿಗಳು ಸಾಲಾಗಿ ಕೂತಿದ್ದವು. ನನ್ನ ಮೇಜಿನ ಮೇಲೆ ಅಶ್ವಿನಿಯ ಪುಸ್ತಕಗಳು. ಪಡಸಾಲೆಯಲ್ಲಿ ದವಾಖಾನೆಯ ಇಬ್ಬರು. ಮಾತಾಡಿಯೇ ಬಿಡೋಣವೆಂದು ಹೋದೆ. ನನ್ನ ಹೆಸರಿನ ಕಲ್ಲಿನ ಕೆಳಗೆ ಅತ್ತೆ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದರು. "ಬಾರಪ್ಪ, ಕೂಡು. ಚಾ ಕುಡದು ಹೋಗು" ಎಂದು ನನ್ನನ್ನು ಬರಮಾಡಿಕೊಂಡರು. ಹಿಂದಿನ ಮನೆಯ ಮಾತೆತ್ತಿದೆ. "ನೆಂಟರನ್ನ ಹಿತ್ತಲದಾಗ ಇಡೋದು ಯಾವ ಸಾಲ್ಯಾಗ ಕಲಿಸ್ಯಾರ ನಿನಗ? ನಾಳೆ ಕಮಲಾಪುರದಾಗ ಮಂದಿ ಕೇಳಿದ್ರ ಏನಂತ ಹೇಳ್ಲಿ?" ನಾನು ಚಹಾ ಕುಡಿದು ಹೋದೆ.

ಹಿತ್ತಲಲ್ಲಿ ಸುನಂದಾ ಬಾಗಿಲು ಹಾಕಿಕೊಂಡು, ಎರಡೂ ಕೈ ಚೆಲ್ಲಿ ಮಲಗಿದ್ದಳು. "ಈ ಮನಿ ಛಲೋ ಅದರೀ, ಯಾರೂ ಬರಂಗಿಲ್ಲ" ಎಂದಳು. ಯೋಚಿಸಿದರೆ ಅದೂ ನಿಜವೇ. ನಮಗೆ ಬೇಕಿದ್ದದ್ದು ಹಾಕಿಕೊಳ್ಳಲು ಒಂದು ಬಾಗಿಲು; ಅದು ಮುಂದಿನದಾದರೇನು, ಹಿಂದಿನದಾದರೇನು. ಕೆಲವು ದಿನ ನಾನೂ ಮನುಷ್ಯರಂತೆ ನಿದ್ದೆ ಮಾಡಿದೆ.

ಆಮೇಲೆ ಒಂದು ಸಂಜೆ ಆ ಬಾಗಿಲು ಬಡಿದವರು ನೀಲಮ್ಮತ್ತೆಯೇ. ಹಿಂದೆ ಸುನಂದಾಳ ತಾಯಿ ಮತ್ತು ತಂಗಿ, ಕಣ್ಣಿನ ಆಪರೇಷನ್ನಿಗೆ ಬಂದವರು. "ಮುಂದ ಜಾಗಾ ಇಲ್ಲ" ಎಂದರು ಅತ್ತೆ, ಕೈತುಂಬ ಕೆಲಸವಿರುವ ಯಜಮಾನಿಯ ದನಿಯಲ್ಲಿ. "ಇವ್ರು ನಾಕು ದಿನ ನಿಮ್ಮ ಕಡಿ ಇರಲಿ. ಜರಾ ಸರಕೊಂಡು ಮಲಗ್ರಿ." ಅವರು ತಂದ ಬಾಳೆಹಣ್ಣನ್ನು ಸುನಂದಾ ಒತ್ತಿ ನೋಡಲಿಲ್ಲ, ತವರಿನ ಹಣ್ಣು. ಅವಳು ನೋಡುವುದಿಲ್ಲವೆಂದು ನಾನೇ ಒತ್ತಿ ನೋಡಿದೆ.

ಮೂವರು ಹೆಂಗಸರು ಮಲಗಿದರೆ ಆ ಖೋಲಿ ಭರ್ತಿ. ಹೊರಸು ಎತ್ತಿಕೊಂಡು ಎರಡು ಮನೆಗಳ ನಡುವೆ ಉಳಿದಿದ್ದ ಸಂದಿಯಲ್ಲಿ ಹಾಕಿಕೊಂಡೆ. ಆ ಕಡೆ ಮುಂದಿನ ಮನೆಯ ಬೆನ್ನು, ಈ ಕಡೆ ಹಿಂದಿನ ಮನೆಯ ಮುಖ, ಎರಡೂ ಹಗಲೆಲ್ಲ ಕಾದು ಈಗ ಧಗೆ ಉಗುಳುತ್ತಿದ್ದವು. ಮೊದಲೆಲ್ಲ ಇಲ್ಲಿ ಹಿತ್ತಲ ಕಡೆಯಿಂದ ತಂಪು ಬರುತ್ತಿತ್ತು. ಅದು ಬರುತ್ತಿದ್ದ ದಾರಿಗೇ ನಾನು ಮನೆ ಕಟ್ಟಿಸಿದ್ದೆ. ತಂತಿಯ ಮೇಲಿನ ಬಟ್ಟೆ ಒಂದಿಷ್ಟೂ ಅಲುಗುತ್ತಿರಲಿಲ್ಲ.

ಆ ಬಟ್ಟೆ ತೆಗೆಯಲು ಅಶ್ವಿನಿ ಬಂದಳು. ಹೊರಸು ನೋಡಿ ನಿಂತಳು. "ಮಾಮಾ, ಇಲ್ಲ್ಯಾಕ ಮಲಗ್ಲಾಕತ್ತೀರಿ? ಒಳಗ ಬರ್ರಿ. ನಾ ಅಡಗಿಮನ್ಯಾಗ ಮಲಗ್ತೀನಿ."

"ಬ್ಯಾಡವ್ವ" ಎಂದೆ. "ಹೊರಗ ಗಾಳಿ ಛಲೋ ಬರ್ತದ."

ಅವಳು ಹೌದೆನ್ನುವಂತೆ ತಲೆಯಾಡಿಸಿ, ಬಟ್ಟೆ ಎತ್ತಿಕೊಂಡು ಓದಲು ಒಳಗೆ ಹೋದಳು. ನಂಬಿದಳೆಂದು ಕಾಣುತ್ತದೆ. ಇನ್ನೂ ಮೊದಲ ವರ್ಷ.