ಟೇಪು ಸುತ್ತಿದ ಬ್ಯಾಟರಿಗಳು

"ಇವತ್ತು ಈ ಮನೆಯಲ್ಲಿ ಒಂದೇ ಒಂದು ಸತ್ತ ಬ್ಯಾಟರಿ ಉಳಿಯಕೂಡದು!"

ಭಾನುವಾರ ಬೆಳಿಗ್ಗೆ ಹೀಗೆಂದು ಘೋಷಿಸಿದೆ. ವಾರವಿಡೀ ಆಫೀಸಿನಲ್ಲಿ ಹೈರಾಣಾದವನು ಸುಮ್ಮನೆ ಮಲಗಬೇಕಿತ್ತು. ಆದರೆ ಹಿಂದಿನ ದಿನವಷ್ಟೇ ಪತ್ರಿಕೆಯಲ್ಲಿ ಓದಿದ್ದೆ: ಹಳೆಯ ಬ್ಯಾಟರಿಯನ್ನು ಕಸಕ್ಕೆ ಎಸೆಯಬಾರದು, ತುದಿಗೆ ಟೇಪು ಸುತ್ತಿ ಸಂಗ್ರಹ ಪೆಟ್ಟಿಗೆಗೆ ಹಾಕಬೇಕು. ಓದಿದ ಮೇಲೆ ಜ್ಞಾನಿ ಸುಮ್ಮನಿರುತ್ತಾನೆಯೇ?

ಹೆಂಡತಿ ಫೋಟೋಗ್ರಾಫರ್. ಅವಳ ಮೇಜಿನ ಡ್ರಾಯರ್ ತುಂಬ ಕ್ಯಾಮೆರಾದ ಚಪ್ಪಟೆ ಬ್ಯಾಟರಿಗಳು.

"ಕೈಮುಗೀತೀನಿ, ಏನೂ ಮುಟ್ಟಬೇಡಿ. ಮಧ್ಯಾಹ್ನ ನಮ್ಮ ಟೀಚರ್ ನಿವೃತ್ತಿ ಸಮಾರಂಭ. ಕ್ಯಾಮೆರಾ ಹಿಡಿಯೋದು ಕಲಿಸಿದವರು ರೀ ಅವರು," ಎಂದು ಸ್ನಾನಕ್ಕೆ ಹೋದಳು.

ಡ್ರಾಯರ್ ಎಳೆದೆ. ಕೆಲವಕ್ಕೆ ಟೇಪು ಸುತ್ತಿತ್ತು. ಪಾಪ, ಅಂತಿಮಯಾತ್ರೆಗೆ ಸಿದ್ಧವಾದವು! ಟೇಪಿಲ್ಲದ್ದರಲ್ಲಿ ಒಂದಂತೂ ಮೈಕೈ ತುಂಬಿಕೊಂಡು ದುಂಡಗಿತ್ತು. ಫುಲ್ ಚಾರ್ಜ್ ಎಂದರೆ ಇದು! ಅದನ್ನು ಅವಳ ಕ್ಯಾಮೆರಾ ಬ್ಯಾಗಿಗೆ ಸೇರಿಸಿ, ಟೇಪಿನವನ್ನು ಒಯ್ದು ಮೊಬೈಲ್ ಅಂಗಡಿಯ ಪೆಟ್ಟಿಗೆಗೆ ಹಾಕಿದೆ.

ಆಗಲೇ ಫೋನು.

"ರೀ, ಟೇಪ್ ಸುತ್ತಿದ ಬ್ಯಾಟರಿಗಳೆಲ್ಲಿ?"

"ಮೊಬೈಲ್ ಅಂಗಡಿ ಪೆಟ್ಟಿಗೇಲಿ ಸದ್ಗತಿ ಕಾಣಿಸಿದೆ!"

"ಅಯ್ಯೋ, ಚಾರ್ಜ್ ಮಾಡಿಟ್ಟಿದ್ದು ಅವನ್ನೇ! ಬ್ಯಾಗಲ್ಲಿ ಕೀ, ಚಿಲ್ಲರೆ ತಗುಲಿ ಶಾರ್ಟ್ ಆಗಬಾರದು ಅಂತ ಟೇಪ್ ಹಾಕಿದ್ದೆ."

"ಹಾಗಾದ್ರೆ... ಆ ದುಂಡಗಿನದು?"

"ಕೆಟ್ಟು ಉಬ್ಬಿರೋದು! ಬೆಂಕಿ ಹತ್ತಿಕೊಂಡಿದ್ರೆ? ಈಗಷ್ಟೇ ಮರಳಿನ ಡಬ್ಬೀಲಿಟ್ಟು ಬಾಲ್ಕನಿಗೆ ಸಾಗಿಸಿದೆ."

ಬೈದಿದ್ದರೆ ಸಹಿಸುತ್ತಿದ್ದೆ. ಅವಳ ದನಿಯಲ್ಲಿ ಬರೀ ಸುಸ್ತಿತ್ತು. ನನಗೆ ನಿಜಕ್ಕೂ ಭಯವಾಯಿತು. ಪೆಟ್ಟಿಗೆಯ ಕಿಂಡಿಯೊಳಗೆ ಮೊಣಕೈವರೆಗೆ ಕೈ ತೂರಿಸಿದೆ. ಟೇಪು ಬೆರಳಿಗೆ ತಾಗಿತು, ಹಿಡಿದೆ. ಕೈ ಹೊರಗೆ ಬರಲೊಲ್ಲದು!

"ಸಾರ್, ಬೀಗದ ಕೈ ಕಂಪನಿಯವರ ಹತ್ರ ಇದೆ, ಬುಧವಾರ ಬರ್ತಾರೆ," ಎಂದ ಅಂಗಡಿಯವನು.

"ಬುಧವಾರದವರೆಗೂ ಇಲ್ಲೇ ನಿಂತಿರಲಾ?"

"ಹಿಡಿದಿರೋದನ್ನ ಬಿಡಿ, ಕೈ ಬರುತ್ತೆ."

"ಪ್ರಾಣ ಹೋದ್ರೂ ಬಿಡಲ್ಲ!"

ಅಷ್ಟರಲ್ಲಿ ಹೆಂಡತಿ ಬಂದಳು, ಹೆಗಲಲ್ಲಿ ಕ್ಯಾಮೆರಾ.

"ಬಿಡ್ರೀ. ಮೇಲಿಂದ ಬಿದ್ದು ಪೆಟ್ಟಾಗಿರತ್ತೆ. ಅಂಥದ್ದನ್ನ ನಾನು ಮತ್ತೆ ಚಾರ್ಜಿಗೂ ಹಾಕಲ್ಲ, ಕ್ಯಾಮೆರಾಕ್ಕೂ ಹಾಕಲ್ಲ."

"ಮತ್ತೆ ಟೀಚರ್ ಫೋಟೋ?"

"ಕ್ಯಾಮೆರಾ ಒಳಗಿರೋದ್ರಲ್ಲಿ ಅರ್ಧ ಚಾರ್ಜ್ ಇದೆ. ಹಿಡಿದು ಹಿಡಿದು ತೆಗೀತೀನಿ."

ಹಾಗೆಂದವಳೇ ಕ್ಯಾಮೆರಾ ಎತ್ತಿ ನನ್ನತ್ತ ಒಂದು ಕ್ಲಿಕ್!

"ಇದ್ಯಾಕೆ ದಂಡ?"

"ಬಿಡೋಕೆ ಮನಸ್ಸಾಗ್ಲಿಲ್ಲ."

ಬ್ಯಾಟರಿ ಬಿಟ್ಟೆ. ಕೈ ಸಲೀಸಾಗಿ ಬಂತು. ಅವಳು ಸಮಾರಂಭಕ್ಕೆ ಓಡಿದಳು.

ಟೀಚರ್ ಕಣ್ಣೊರೆಸಿಕೊಳ್ಳುತ್ತ ನಕ್ಕ ಫೋಟೋ ಚೆನ್ನಾಗಿಯೇ ಬಂತು. ಅದೇ ಕೊನೆಯದಂತೆ, ಮರುಕ್ಷಣ ಕ್ಯಾಮೆರಾ ಆರಿತಂತೆ. ನನ್ನ ಎದೆ ಹಗುರಾಯಿತು. ಮುಂದಿನ ಭಾನುವಾರ ಯಾವ ಘೋಷಣೆಯನ್ನೂ ಮಾಡದೆ, ಉಬ್ಬಿದ ಬ್ಯಾಟರಿಯಿದ್ದ ಮರಳಿನ ಡಬ್ಬಿಯನ್ನು ಹೆಂಡತಿ ಹೇಳಿದಂತೆಯೇ ಹಿಡಿದು ಅದೇ ಅಂಗಡಿಗೆ ಹೋದೆ.

ಪೆಟ್ಟಿಗೆಯ ಮೇಲೆ ದೊಡ್ಡದೊಂದು ಫೋಟೋ. ಕಿಂಡಿಯೊಳಗೆ ಕೈ ಸಿಕ್ಕಿಸಿಕೊಂಡು, ಬಾಯಿ ಬಿಟ್ಟುಕೊಂಡು ನಿಂತ ನಾನು! ಕೆಳಗೆ ಹೆಂಡತಿಯ ದುಂಡಗಿನ ಅಕ್ಷರದಲ್ಲಿ: "ಉಪಯೋಗಕ್ಕೆ ಬಾರದವು ಮಾತ್ರ."

"ಚೆನ್ನಾಗಿದೆ ಅಲ್ವಾ ಸಾರ್?" ಅಂಗಡಿಯವನು ಹಲ್ಲು ಕಿರಿದ. "ನೋಡಿದ ತಕ್ಷಣ ಎಲ್ಲರಿಗೂ ಅರ್ಥ ಆಗ್ತಿದೆ!"